ಮಿಕ್ಸಿ ಸದ್ದಿಗೆ ಕಿವಿ ಮುಚ್ಚುವ ಮಗು: ‘ಹಟ’ ಎಂಬ ಮಾತಿನ ಹಿಂದಿನ ಚರಿತ್ರೆ

ಮಿಕ್ಸಿ ಶುರುವಾದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಓಡುವ ಮಗು. ಮುದ್ದೆ ಬಾಯಿಗಿಟ್ಟರೆ ಓಕರಿಸುವ ಮಗು. ಹೊಸ ಅಂಗಿಯ ಕತ್ತಿನ ಪಟ್ಟಿ ಚುಚ್ಚುತ್ತದೆಂದು ಕಿತ್ತೆಸೆಯುವ ಮಗು. ಮುಡಿ ಕೊಡಲು ಕೂರಿಸಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುವ ಮಗು. ನರಸಾಪುರದ ಯಾವ ಬೀದಿಗೆ ಹೋದರೂ ಇಂಥ ಒಂದು ಮಗು ಸಿಗುತ್ತದೆ. ನಮ್ಮ ಕಡೆ ಇದಕ್ಕೆ ಮೂರು ಹೆಸರು: ಹಟ, ದೃಷ್ಟಿ, ಮುದ್ದು ಜಾಸ್ತಿಯಾಗಿದ್ದು. ಯಾವ ಹೆಸರು ಹೇಳಿದರೂ ಮಾತು ಕೊನೆಗೆ ಬಂದು ನಿಲ್ಲುವುದು ತಾಯಿಯ ಮೇಲೆ.

ಈ ದೂರು ನಮ್ಮೂರಿನದ್ದು ಮಾತ್ರವಲ್ಲ. ದೊಡ್ಡ ದೊಡ್ಡ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳಿದ ಕಾಲವೊಂದಿತ್ತು.

ಅದಕ್ಕೂ ಹಿಂದಿನದ್ದನ್ನು ಮೊದಲು ನೋಡೋಣ. ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಯ ಶಾಖೆಗೆ ಕೌಮಾರಭೃತ್ಯ ಎನ್ನುತ್ತಾರೆ. ಆ ಶಾಖೆಯ ಮುಖ್ಯ ಗ್ರಂಥ ಕಾಶ್ಯಪ ಸಂಹಿತೆ. ಅದರಲ್ಲಿ ‘ವೇದನಾಧ್ಯಾಯ’ ಎಂಬ ಅಧ್ಯಾಯವಿದೆ. ಮಾತು ಬಾರದ ಕೂಸಿಗೆ ಎಲ್ಲಿ ನೋಯುತ್ತಿದೆ ಎಂದು ಅದರ ಚೇಷ್ಟೆ ನೋಡಿಯೇ ಕಂಡುಹಿಡಿಯುವುದು ಹೇಗೆ ಎಂಬುದು ಅದರ ವಿಷಯ. ಮಗು ಎರಡೂ ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತಾ ತಲೆ ಆಡಿಸುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಕಿವಿನೋವಿರಬಹುದು ಎನ್ನುತ್ತದೆ ಆ ಗ್ರಂಥ. ಮಗುವಿನ ನಡವಳಿಕೆಯನ್ನು ಒಂದು ಮಾತು ಎಂದು ಓದಿದ ಈ ರೀತಿ ನನಗೆ ಬಹಳ ಇಷ್ಟ. ಅದೇ ಪರಂಪರೆಯಲ್ಲಿ ಬಾಲಗ್ರಹದ ವಿವರಣೆಯೂ ಇದೆ, ಅದು ಬೇರೆ ಮಾತು. ನಮ್ಮ ಮನೆಗಳಲ್ಲಿ ಉಳಿದುಕೊಂಡದ್ದು ಗ್ರಹ ಮತ್ತು ತಾಯತ, ಕಿವಿ ನೋಡುವ ಬುದ್ಧಿ ಅಷ್ಟಾಗಿ ಉಳಿಯಲಿಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದ. ಇಂದು ನಾವು ಆಟಿಸಂ ಎನ್ನುವುದರ ಪ್ರಸಿದ್ಧ ಮೊದಲ ವಿವರಣೆ ಅದು. ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಮೊಟ್ಟೆ ಕಡೆಯುವ ಯಂತ್ರ ಇಂಥವಕ್ಕೆಲ್ಲ ಆ ಮಕ್ಕಳಲ್ಲಿ ಕೆಲವರು ಹೆದರಿ ನಡುಗುತ್ತಿದ್ದರು. ಆದರೆ ಅದೇ ಮಗು ತಾನೇ ಅಷ್ಟೇ ದೊಡ್ಡ ಸದ್ದು ಮಾಡುತ್ತಾ ಖುಷಿಯಾಗಿರುತ್ತಿತ್ತು ಎನ್ನುವುದನ್ನೂ ಕ್ಯಾನರ್ ಗಮನಿಸಿದ. ಹೊರಗಿನಿಂದ ನುಗ್ಗಿ ಬಂದ ಸದ್ದೇ ಅದಕ್ಕೆ ತೊಂದರೆ. ಪಾತ್ರೆ ಬಡಿಯುತ್ತಾ ಕೂತ ಮಗು ಕುಕ್ಕರ್ ಸೀಟಿ ಹೊಡೆದರೆ ಚೀರುವುದನ್ನು ಕಂಡವರಿಗೆ ಇದು ಗೊತ್ತಾಗುತ್ತದೆ. ‘ನೀನು ಮಾಡಿದ್ರೆ ಸರಿ, ನಾವು ಮಾಡಿದ್ರೆ ತಪ್ಪಾ’ ಎಂದು ಬೈಯುವವರೇ ಹೆಚ್ಚು.

1949ರಲ್ಲಿ ಪಾಲ್ ಬರ್ಗ್‌ಮನ್ ಮತ್ತು ಸಿಬಿಲ್ ಎಸ್ಕಲೋನಾ ಎಂಬಿಬ್ಬರು ಇನ್ನೂ ನೇರವಾಗಿ ಈ ವಿಷಯಕ್ಕೇ ಬಂದರು. ತೀರಾ ಎಳೆಯ ಮಕ್ಕಳಲ್ಲಿ ಕಾಣುವ ಅಸಾಮಾನ್ಯ ಸೂಕ್ಷ್ಮತೆ ಎಂಬುದೇ ಅವರ ಲೇಖನದ ವಿಷಯ. ಬಣ್ಣ, ಬೆಳಕು, ಸದ್ದು, ವಾಸನೆ, ಬಟ್ಟೆಯ ಸ್ಪರ್ಶ, ಎಲ್ಲವೂ ಕೆಲವು ಕೂಸುಗಳಿಗೆ ಬೇರೆಯವರಿಗಿಂತ ಜೋರಾಗಿ ತಟ್ಟುತ್ತವೆ, ಹೊರಗಿನದ್ದನ್ನು ತಡೆಯುವ ಬೇಲಿ ಅವರಲ್ಲಿ ತೆಳುವಾಗಿದೆ ಎಂಬುದು ಅವರ ಊಹೆ.

ಆ ದಾರಿಯಲ್ಲೇ ಹೋಗಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು. ಆದರೆ 1950–60ರ ದಶಕದಲ್ಲಿ ಬಲವಾದದ್ದು ಬೇರೆ ಮಾತು: ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು. ‘ಫ್ರಿಜ್‌ನಂಥ ತಾಯಿ’ ಎಂಬ ಹೆಸರೇ ಹುಟ್ಟಿಕೊಂಡಿತು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮನೆಗೆ ಮುಟ್ಟಿಸಿತು. ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಆಟಿಸಂ ಇದ್ದ ಹುಡುಗನೊಬ್ಬನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಮೆದುಳಿನ ಬೆಳವಣಿಗೆಯ ವಿಷಯ, ಸಾಕಿದ ರೀತಿಯದ್ದಲ್ಲ ಎಂದು ವಾದಿಸಿದ್ದ. ಕೊನೆಗೆ 1969ರಲ್ಲಿ ಕ್ಯಾನರ್ ಸ್ವತಃ ತಂದೆತಾಯಿಗಳ ಸಭೆಯೊಂದರಲ್ಲಿ ನಿಂತು ನಿಮ್ಮ ಮೇಲೆ ತಪ್ಪಿಲ್ಲ ಎಂದು ಹೇಳಬೇಕಾಯಿತು. ಮೊದಮೊದಲು ತಂದೆತಾಯಿಗಳ ಸ್ವಭಾವದ ಬಗ್ಗೆ ಬರೆದು ಆ ಮಾತಿಗೆ ದಾರಿ ಮಾಡಿಕೊಟ್ಟವರಲ್ಲಿ ಅವನೂ ಒಬ್ಬ.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ ಬೇರೆ ಕಡೆಯಿಂದ ನೋಡುತ್ತಿದ್ದರು. ಮುಟ್ಟಿದರೆ ಸಿಡಿಯುವ ಮಕ್ಕಳ ಬಗ್ಗೆ 1964ರಲ್ಲಿ ಬರೆದರು. 1972ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಐದೇ ಅಲ್ಲ. ತೂಗಾಡಿದಾಗ ದೇಹ ಎಲ್ಲಿದೆಯೆಂದು ತಿಳಿಸುವ ಒಳಕಿವಿ, ಕೈಕಾಲು ಎಷ್ಟು ಬಾಗಿದೆಯೆಂದು ತಿಳಿಸುವ ಕೀಲು ಮತ್ತು ಸ್ನಾಯು ಇವೂ ಸುದ್ದಿ ಕಳಿಸುತ್ತವೆ, ಇಷ್ಟನ್ನೂ ಜೋಡಿಸುವ ಕೆಲಸ ಮೆದುಳಿನದ್ದು ಎಂದರು. ಜೋಡಣೆ ಸರಿಯಾಗದಿದ್ದರೆ ಒಂದು ಮಗು ಉಯ್ಯಾಲೆಗೆ ಹೆದರುತ್ತದೆ, ಇನ್ನೊಂದು ಎಷ್ಟು ಗಿರಗಿರ ಸುತ್ತಿದರೂ ಸಾಕೆನ್ನುವುದಿಲ್ಲ. ಬಿದ್ದು ಮಂಡಿ ತರಚಿದರೂ ಅಳದ ಮಗುವನ್ನು ನಾವು ‘ಗಟ್ಟಿ’ ಎಂದು ಹೊಗಳುತ್ತೇವಲ್ಲ, ಅದೂ ಕೆಲವೊಮ್ಮೆ ಇದೇ ಲೆಕ್ಕಕ್ಕೆ ಸೇರಬಹುದು.

ಏರ್ಸ್ ಚಿಕಿತ್ಸೆಯ ಬಗ್ಗೆ ತಕರಾರು ಇಂದಿಗೂ ಇದೆ. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಇದನ್ನೇ ಒಂದು ಪ್ರತ್ಯೇಕ ಕಾಯಿಲೆಯೆಂದು ಸಾಮಾನ್ಯವಾಗಿ ಹೆಸರಿಡಬೇಡಿ, ಹಿಂದೆ ಬೇರೇನಿದೆ ನೋಡಿ, ಥೆರಪಿ ಕೊಡಿಸಿದರೂ ಪುರಾವೆ ಕಡಿಮೆ ಎಂಬುದು ನೆನಪಿರಲಿ ಎಂದಿತು. 2013ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿಯ ಐದನೇ ಆವೃತ್ತಿ ಇದನ್ನು ಪ್ರತ್ಯೇಕ ಕಾಯಿಲೆ ಮಾಡಲಿಲ್ಲ, ಆದರೆ ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಥೆರಪಿ ಸೆಂಟರ್ ಬೋರ್ಡ್ ನೋಡಿ ಸಾಲ ಮಾಡಿ ಹಣ ಕಟ್ಟುವ ಮುಂಚೆ ಇಷ್ಟು ತಿಳಿದಿರಬೇಕು.

ನಮ್ಮ ದೇಶದ ಕಥೆ ಚಿಕ್ಕದು. ಆಕ್ಯುಪೇಷನಲ್ ಥೆರಪಿಯ ಮೊದಲ ಶಾಲೆಯನ್ನು ಕಮಲಾ ನಿಂಬಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತೆರೆದರು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷ, 1975ರ ಅಕ್ಟೋಬರ್ 2ರಂದು, ಕರ್ನಾಟಕದ ಮೊದಲ ಅಂಗನವಾಡಿಗಳು ಟಿ. ನರಸೀಪುರದಲ್ಲಿ ಶುರುವಾದವು. ಅವುಗಳ ಕಣ್ಣು ಇದ್ದದ್ದು ತೂಕದ ಮೇಲೆ, ಪೂರಕ ಆಹಾರ ಮತ್ತು ಚುಚ್ಚುಮದ್ದಿನ ಮೇಲೆ. ಹಸಿವಿನ ಕಾಲದಲ್ಲಿ ಅದೇ ಸರಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಅದೂ ಒಂದು. ಸರ್ಟಿಫಿಕೇಟ್‌ಗೆ ಈಗ ಬಳಸುವ ಭಾರತೀಯ ಅಳತೆಪಟ್ಟಿಯ 40 ಪ್ರಶ್ನೆಗಳನ್ನು ಆರು ಭಾಗ ಮಾಡಿದ್ದಾರೆ. ಒಂದು ಭಾಗ ಪೂರ್ತಿ ಇಂದ್ರಿಯಗಳದ್ದೇ. ಅಜ್ಜಿ ‘ಹಟ’ ಎಂದದ್ದು ಹೀಗೆ ಸರ್ಕಾರಿ ಕಾಗದಕ್ಕೆ ಬಂತು.

ನರಸಾಪುರಕ್ಕೆ 2013 ಬೇರೆ ಕಾರಣಕ್ಕೆ ನೆನಪಿರುವ ವರ್ಷ. ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದದ್ದು ಆಗಲೇ. ರಾಗಿ ಹೊಲದ ಪಕ್ಕ ಕೈಗಾರಿಕಾ ಪ್ರದೇಶ ಬೆಳೆಯಿತು, ಸಾಲು ಸಾಲು ಬಾಡಿಗೆ ರೂಮುಗಳು ಎದ್ದವು. ಒಂದೇ ಕೋಣೆಯಲ್ಲಿ ಟಿವಿ, ಮಿಕ್ಸಿ, ನೈಟ್ ಶಿಫ್ಟ್ ಮುಗಿಸಿ ಮಲಗಿದ ಅಪ್ಪ, ಹೊರಗೆ ಹೆದ್ದಾರಿಯ ಲಾರಿ. ಸದ್ದಿಗೆ ಬೆದರುವ ಮಗುವನ್ನು ಕರೆದುಕೊಂಡು ಹೋಗಲು ಹಿತ್ತಿಲಿಲ್ಲ. ಬೇರೆ ಊರಿಂದ ಬಂದ ತಾಯಿಗೆ ಅಕ್ಕಪಕ್ಕ ಹೇಳಿಕೊಳ್ಳಲು ತನ್ನವರಿಲ್ಲ. ಅದೇ 2013ರಲ್ಲೇ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಬಂತು. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು ಎಂಬುದು ನಿಯಮ. ಆಟಿಸಂ ಅದರ ಪಟ್ಟಿಯಲ್ಲಿದೆ. ತಂಡ ಬಂದ ದಿನ ಮಗು ಅಂಗನವಾಡಿಯಲ್ಲಿರಬೇಕಲ್ಲ! ಗದ್ದಲ ತಡೆಯಲಾರದೆ ಅಳುವ ಮಗುವನ್ನೇ ಮನೆಯಲ್ಲಿ ಉಳಿಸಿಕೊಳ್ಳುವುದು ಹೆಚ್ಚು.

ಹಾಗಾದರೆ ಯಾವಾಗ ಚಿಂತೆ ಮಾಡಬೇಕು? ಎರಡು ಮೂರು ವರ್ಷದ ಮಗು ಪಟಾಕಿಗೆ, ತಮಟೆಗೆ, ಕತ್ತರಿಗೆ ಹೆದರುವುದು ಸಹಜ. ಮಾತಾಡುತ್ತದೆ, ಆಡುತ್ತದೆ, ಅಮ್ಮನ ಮುಖ ನೋಡಿ ಸಮಾಧಾನವಾಗುತ್ತದೆ, ವರ್ಷ ಕಳೆದಂತೆ ಹೆದರಿಕೆ ಇಳಿಯುತ್ತಿದೆ ಎಂದರೆ ಕಾಯಬಹುದು. ಮಿಕ್ಸಿ ಹಾಕುವ ಮುಂಚೆ ಹೇಳಿ, ಅಂಗಿಯ ಪಟ್ಟಿ ಕತ್ತರಿಸಿ, ಮುದ್ದೆಯನ್ನು ಬಲವಂತವಾಗಿ ತುರುಕಬೇಡಿ. ಹಠಾತ್ತನೆ ಶುರುವಾದ ಕಿವಿ ಮುಚ್ಚುವಿಕೆಗೆ ಕಾಶ್ಯಪ ಹೇಳಿದಂತೆ ಮೊದಲು ಕಿವಿ ತೋರಿಸಿ.

ಆದರೆ ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋದರೂ ಕಾಯುವಂತಿಲ್ಲ. ‘ಗಂಡುಮಕ್ಕಳಿಗೆ ಮಾತು ತಡ’ ಎಂಬ ಸಮಾಧಾನ ಇಲ್ಲಿ ದುಬಾರಿ ಬೀಳುತ್ತದೆ. ತಿನ್ನುವ ಪದಾರ್ಥ ಎರಡು ಮೂರಕ್ಕೆ ಇಳಿದು ತೂಕ ಕಡಿಮೆಯಾದರೆ, ಸುಟ್ಟರೂ ಗಾಯವಾದರೂ ನೋವು ತಿಳಿಯದಂತಿದ್ದರೆ, ತಲೆ ಗೋಡೆಗೆ ಬಡಿದುಕೊಂಡರೆ, ನಿದ್ದೆ ಮತ್ತು ಅಂಗನವಾಡಿ ಎರಡೂ ತಪ್ಪುತ್ತಿದ್ದರೆ ಕೂಡ ಅಷ್ಟೇ.

ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಿಂದ ಚೀಟಿ ಪಡೆದು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್. ಕಿವಿ ಪರೀಕ್ಷೆ ಮಾಡಿಸಿ ಎಂದು ಕೇಳಿ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮಗು ಮನೆಯಲ್ಲಿ ಹಾಗೆ ಮಾಡಿದಾಗಿನ ಒಂದೆರಡು ನಿಮಿಷದ ವಿಡಿಯೊ ಫೋನಿನಲ್ಲಿ ಇಟ್ಟುಕೊಳ್ಳಿ. ಒಪಿಡಿಯಲ್ಲಿ ಮಿಕ್ಸಿ ಇರುವುದಿಲ್ಲ.