ಎರಡು ಜಿಲ್ಲಾ ಪುಟಗಳ ನಡುವೆ

ಕಳೆದ ಮಳೆಗಾಲದ ಒಂದು ಶುಕ್ರವಾರ ರಾತ್ರಿ ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿನ ಚಾರ್ಜೂ ಮುಗಿದಿತ್ತು. ಆಫೀಸಿನ ಗೆಳೆಯನೊಬ್ಬ "ಓದು ಮಾರಾಯ, ಬಿಡ್ಲಿಕ್ಕೇ ಆಗುದಿಲ್ಲ" ಅಂತ ಕೊಟ್ಟು ಆರು ತಿಂಗಳಾಗಿದ್ದ ಇಂಗ್ಲಿಷ್ ಸಸ್ಪೆನ್ಸ್ ಕಾದಂಬರಿಯೊಂದನ್ನು ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಹಿಡಿದು ಕೂತೆ. ಕಥೆ ನಿಮಗೂ ಗೊತ್ತಿರುವಂಥದ್ದೇ. ಊರಲ್ಲಿ ಒಂದರ ಹಿಂದೆ ಒಂದು ಕೊಲೆ. ಪೊಲೀಸರಿಗೆ ಏನೂ ಹೊಳೆಯುವುದಿಲ್ಲ. ಆಗ ಒಬ್ಬ ಪತ್ರಕರ್ತನಿಗೆ ಕೊಲೆಗಾರನೇ ಫೋನ್ ಮಾಡುತ್ತಾನೆ. ಆಮೇಲೆ ಅವನು ಕರೆದಲ್ಲಿಗೆಲ್ಲ ಇವನು ಹೋಗುತ್ತಾ ಹೋಗುತ್ತಾ, ಯಾರು ಯಾರನ್ನು ಬೇಟೆಯಾಡುತ್ತಿದ್ದಾರೆ ಎಂದೇ ಗೊತ್ತಾಗದ ಹಾಗೆ ಆಗುತ್ತದೆ. ಬೆಳಗಿನ ಜಾವ ಮೂರಕ್ಕೆ ಮುಗಿಸಿ, ಬಾಗಿಲ ಚಿಲಕ ಎರಡು ಸಲ ನೋಡಿ ಮಲಗಿದೆ.

ಮರುದಿನ ಊರಿಗೆ ಹೋದೆ. ಅಮ್ಮ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಈಗ ಕಟ್ಟಬೇಕಾದ ಅಗತ್ಯ ಇಲ್ಲ, ಆದರೂ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಅವರಿಗೆ ಇಡೀ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ ಒಂದೇ ಮಾತು ಕೇಳಿದರು: "ಅದೆಲ್ಲ ಸರಿ, ಆ ಸತ್ತ ಹೆಂಗಸರ ಮನೆಯವರು ಎಂತ ಮಾಡ್ತಾ ಇದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಾನೂರು ಪುಟದ ಪುಸ್ತಕದಲ್ಲೂ ಇರಲಿಲ್ಲ.

ಪತ್ರಕರ್ತ ಮತ್ತು ಕೊಲೆಗಾರ ಎಂಬ ಈ ಜೋಡಿ ಬರೀ ಕಾದಂಬರಿಯವರ ಕಲ್ಪನೆಯೇನಲ್ಲ. 1959ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಹೋಲ್ಕಂಬ್ ಎಂಬ ಹಳ್ಳಿಯಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ವರದಿ ಬರೆಯಲು ಹೋದ ಟ್ರೂಮನ್ ಕಪೋಟಿ ವರ್ಷಗಟ್ಟಲೆ ಆ ಇಬ್ಬರು ಕೊಲೆಗಾರರ ಜೊತೆ ಮಾತಾಡಿದ, ಪತ್ರ ಬರೆದ. 1965ರಲ್ಲಿ ಅವರನ್ನು ಗಲ್ಲಿಗೇರಿಸಿದ ಮೇಲೆಯೇ ಅವನ 'ಇನ್ ಕೋಲ್ಡ್ ಬ್ಲಡ್' ಮುಗಿದದ್ದು. ಜೋ ಮೆಕ್‌ಗಿನ್ನಿಸ್ ಎಂಬ ಇನ್ನೊಬ್ಬ ಲೇಖಕ, ಹೆಂಡತಿ ಮಕ್ಕಳನ್ನು ಕೊಂದ ಆರೋಪ ಹೊತ್ತ ವೈದ್ಯನೊಬ್ಬನ ಗೆಳೆಯನಾಗಿ, ಕೊನೆಗೆ ಅವನೇ ಕೊಲೆಗಾರ ಎಂದು 1983ರಲ್ಲಿ ಪುಸ್ತಕ ಬರೆದ. ಜೈಲಿನಿಂದಲೇ ಆ ವೈದ್ಯ ಇವನ ಮೇಲೆ ಕೇಸು ಹಾಕಿದ. ಆ ಜಗಳದ ಮೇಲೆ ಜಾನೆಟ್ ಮಾಲ್ಕಮ್ ಬರೆದ 'ದಿ ಜರ್ನಲಿಸ್ಟ್ ಅಂಡ್ ದಿ ಮರ್ಡರರ್' ಪುಸ್ತಕವನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ.

ಕನ್ನಡದಲ್ಲಿ ಈ ಜಗತ್ತನ್ನು ನಮಗೆ ತೋರಿಸಿದ್ದು ರವಿ ಬೆಳಗೆರೆ. 1995ರಲ್ಲಿ ಶುರುವಾದ 'ಹಾಯ್ ಬೆಂಗಳೂರು!' ಪತ್ರಿಕೆಯನ್ನು ನಾವು ಹೈಸ್ಕೂಲಿನಲ್ಲಿ ಸಮಾಜ ಪುಸ್ತಕದ ಒಳಗಿಟ್ಟು ಓದುತ್ತಿದ್ದೆವು. 'ಭೀಮಾ ತೀರದ ಹಂತಕರು', 'ಪಾಪಿಗಳ ಲೋಕದಲ್ಲಿ' ಓದಿ, ಪತ್ರಕರ್ತ ಅಂದರೆ ಹಂತಕನ ಎದುರು ಕೂತು ಸಿಗರೇಟು ಸೇದುವವನು ಅಂದುಕೊಂಡಿದ್ದೆವು. 2017ರ ಡಿಸೆಂಬರ್‌ನಲ್ಲಿ, ಸಹೋದ್ಯೋಗಿಯಾಗಿದ್ದವರೊಬ್ಬರ ಕೊಲೆಗೆ ಸುಪಾರಿ ಕೊಟ್ಟ ಆರೋಪದ ಮೇಲೆ ಅವರನ್ನೇ ಪೊಲೀಸರು ಬಂಧಿಸಿದಾಗ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ಆರೋಪವನ್ನು ಅವರು ಒಪ್ಪಲಿಲ್ಲ. 2020ರ ನವೆಂಬರ್ 13ರಂದು ತೀರಿಕೊಂಡರು.

ಈ ಎಲ್ಲ ಕಥೆಗಳಲ್ಲೂ ನಮ್ಮ ಕಣ್ಣು ಎರಡೇ ಕುರ್ಚಿಗಳ ಮೇಲೆ ಇರುತ್ತದೆ. ಒಂದರಲ್ಲಿ ಕೊಂದವನು, ಇನ್ನೊಂದರಲ್ಲಿ ಬರೆಯುವವನು. ಸತ್ತವರಿಗೆ ಅಲ್ಲಿ ಕುರ್ಚಿ ಇಲ್ಲ. ಅಮ್ಮ ಕೇಳಿದ್ದು ಅದನ್ನೇ. ಹಾಗೆ ಕೇಳಿದಾಗ ನನಗೆ ನೆನಪಾದದ್ದು ಕಾನ್ಸಾಸ್ ಅಲ್ಲ, ಭೀಮಾ ತೀರವೂ ಅಲ್ಲ. ನಮ್ಮದೇ ಜಿಲ್ಲೆಯ ಪ್ರಕರಣ.

2009ರ ಅಕ್ಟೋಬರ್‌ನಲ್ಲಿ ನಾನು ಇಂಜಿನಿಯರಿಂಗ್ ಓದುತ್ತಾ ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಬಂಟ್ವಾಳ ತಾಲೂಕಿನ ಮೋಹನ್ ಕುಮಾರ್ ಎಂಬವನನ್ನು ಪೊಲೀಸರು ಹಿಡಿದರು. ಒಂದು ಕಾಲಕ್ಕೆ ಪ್ರಾಥಮಿಕ ಶಾಲೆಯ ಮಾಸ್ಟ್ರಾಗಿದ್ದವನು. 2003ರಿಂದ 2009ರ ನಡುವೆ 20 ಹೆಂಗಸರನ್ನು ಕೊಂದ ಆರೋಪ. ಬಹುತೇಕ ಎಲ್ಲರೂ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಕಡೆಯ ಬಡ ಮನೆಯವರು. ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ತಡವಾದವರು. ಇವನು ಹೋದಲ್ಲೆಲ್ಲ ಆ ಹುಡುಗಿಯ ಜಾತಿಗೆ ಹೊಂದುವ ಒಂದು ಹೆಸರು, ಒಂದು ಸರ್ಕಾರಿ ನೌಕರಿ ಹೇಳಿಕೊಳ್ಳುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಒಡವೆ ಹಾಕಿಕೊಂಡು ಬಾ ಎಂದು ಮೈಸೂರಿಗೋ ಬೆಂಗಳೂರಿಗೋ ಹಾಸನಕ್ಕೋ ಕರೆದೊಯ್ದು, ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಒಂದು ರಾತ್ರಿ ಉಳಿಯುತ್ತಿದ್ದ. ಬೆಳಿಗ್ಗೆ ಒಡವೆ ರೂಮಿನಲ್ಲೇ ಇಡಿಸಿ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಹಾಗೆ ಮಾಡುವ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ತಗೋ ಎನ್ನುತ್ತಿದ್ದ. ಆಕೆ ಒಳಗೆ ಬಿದ್ದಾಗ ಇವನು ಲಾಡ್ಜಿಗೆ ವಾಪಸು ಹೋಗಿ ಒಡವೆ ಎತ್ತಿಕೊಂಡಿರುತ್ತಿದ್ದ.

ಈ ಲೋಕದಲ್ಲಿ ಕತ್ತಲೆಯ ಗಲ್ಲಿ ಇಲ್ಲ, ಮಧ್ಯರಾತ್ರಿಯ ಫೋನಿಲ್ಲ. ಹಗಲು ಹೊತ್ತಿನ ಸರ್ಕಾರಿ ಬಸ್ ಸ್ಟ್ಯಾಂಡು. ಚಹಾ ಮಾರುವವರು, ಬೋರ್ಡು ಓದಲು ಬಾರದೆ ಬಸ್ಸು ಯಾವುದೆಂದು ಕೇಳುವ ಅಜ್ಜಿಯರು, ಸುಮ್ಮನೆ ಕೂತ ನೂರಾರು ಜನ.

ನಾನು ಸಾಫ್ಟ್‌ವೇರ್‌ನವನು. ಆರು ವರ್ಷ ಇದು ಯಾಕೆ ಯಾರಿಗೂ ಗೊತ್ತಾಗಲಿಲ್ಲ ಎಂಬ ಪ್ರಶ್ನೆಯನ್ನು ನಾನು ನನ್ನ ಕೆಲಸದ ಭಾಷೆಯಲ್ಲೇ ಯೋಚಿಸುತ್ತೇನೆ. ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ಒಳಗೊಬ್ಬ ಹೆಂಗಸು ಸತ್ತಿದ್ದಾಳೆ, ಮೈಮೇಲೆ ಗಾಯವಿಲ್ಲ. ಅಲ್ಲಿಯ ಠಾಣೆಯವರು ಅಸ್ವಾಭಾವಿಕ ಮರಣ ಎಂದು ದಾಖಲಿಸುತ್ತಾರೆ. ಪೊಲೀಸರ ಬಾಯಲ್ಲಿ ಯುಡಿಆರ್. ಆತ್ಮಹತ್ಯೆ ಇರಬಹುದು, ಗುರುತು ಸಿಕ್ಕಿಲ್ಲ. ಫೈಲು ಅಲ್ಲಿಗೆ ನಿಲ್ಲುತ್ತದೆ. ಇತ್ತ ನಮ್ಮ ಜಿಲ್ಲೆಯಲ್ಲಿ, ಮನೆಯವರು ದೂರು ಕೊಟ್ಟಿದ್ದರೆ, ಇನ್ನೊಂದು ಠಾಣೆಯಲ್ಲಿ ಕಾಣೆಯಾದವಳ ಫೈಲು ತೆರೆದಿರುತ್ತದೆ. ಎರಡೂ ಒಬ್ಬಳದೇ. ಆದರೆ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಕೊಂಡಿಯೇ ಇಲ್ಲ. ಒಂದರಲ್ಲಿ ಹೆಸರು ಉಂಟು, ಹೆಣ ಇಲ್ಲ. ಇನ್ನೊಂದರಲ್ಲಿ ಹೆಣ ಉಂಟು, ಹೆಸರು ಇಲ್ಲ.

ಪತ್ರಿಕೆಗಳ ವಿಷಯವೂ ಬೇರೆಯಲ್ಲ. ನಮ್ಮ ದಿನಪತ್ರಿಕೆಗಳಿಗೆಲ್ಲ ಜಿಲ್ಲೆಗೊಂದು ಪುಟ. ಮೈಸೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತ ಮಹಿಳೆಯ ಶವ ಸಿಕ್ಕಿದ ಸುದ್ದಿ ಬಂದರೂ ಬರುವುದು ಮೈಸೂರಿನ ಪುಟದಲ್ಲಿ. ಬಂಟ್ವಾಳದ ಹುಡುಗಿ ಕಾಣೆಯಾದ ಪ್ರಕಟಣೆ ಮಂಗಳೂರಿನ ಪುಟದಲ್ಲಿ. ಮೈಸೂರಿನ ಪುಟವನ್ನು ಬಂಟ್ವಾಳದ ತಂದೆ ಎಲ್ಲಿ ಓದಬೇಕು? ಎರಡೂ ಪುಟವನ್ನು ಪಕ್ಕಪಕ್ಕ ಇಟ್ಟು ಓದುವ ಒಬ್ಬ ಇದ್ದಿದ್ದರೆ ಅಂತ ನನಗೆ ಅನಿಸುತ್ತದೆ. ಇದನ್ನು ವರದಿಗಾರರ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ದಿನಕ್ಕೆ ಹತ್ತು ಸುದ್ದಿ ಕಳಿಸಬೇಕಾದವರಿಗೆ ಒಂದು ಅಪರಿಚಿತ ಶವ ಅಂದರೆ ನಾಲ್ಕು ಸಾಲು. ಡೆಸ್ಕಿನವರಿಗೆ ಅದು ಖಾಲಿ ಜಾಗ ತುಂಬಿಸುವ ಸುದ್ದಿ.

ದೇಶದ ಎಲ್ಲ ಠಾಣೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಸೇರಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2009ರ ಜೂನ್‌ನಲ್ಲಿ, 2000 ಕೋಟಿ ರೂಪಾಯಿ ಅಂದಾಜಿನಲ್ಲಿ. ಅದೇ ತಿಂಗಳು ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಮನೆಯಿಂದ ಹೋದವಳು ಬರಲಿಲ್ಲ. ಪ್ರಕರಣ ಬಯಲಾದದ್ದು ಆಕೆಯಿಂದ.

ಅದು ಬಯಲಾದ ರೀತಿಯೂ ವಿಚಿತ್ರ. ಅನ್ಯಧರ್ಮದವನ ಜೊತೆ ಓಡಿಹೋಗಿದ್ದಾಳೆ ಎಂದು ಗುಲ್ಲೆದ್ದಿತು. ಮಂಗಳೂರಿನಲ್ಲಿ ಆ ವರ್ಷದ ಗಾಳಿ ಹೇಗಿತ್ತು ಅಂತ ನೆನಪಿದ್ದವರಿಗೆ ನೆನಪಿರುತ್ತದೆ. ಆಕೆಯ ಸಮುದಾಯದವರು ಪ್ರತಿಭಟನೆಗೆ ಇಳಿದರು, ಪೊಲೀಸರ ಮೇಲೆ ಒತ್ತಡ ಬಿತ್ತು. ಆಗ ಆಕೆಯ ಮೊಬೈಲಿನ ಕರೆ ವಿವರ ತೆಗೆದರು. ಅದರಲ್ಲಿ ಸಿಕ್ಕ ಒಂದು ನಂಬರು ಇನ್ನೊಬ್ಬ ಹೆಂಗಸಿನ ಹೆಸರಲ್ಲಿತ್ತು. ಹೋಗಿ ನೋಡಿದರೆ ಅವಳೂ ಕಾಣೆ. ಅವಳ ಕರೆ ವಿವರ ತೆಗೆದರೆ ಕಾಣೆಯಾದ ಮತ್ತೊಬ್ಬಳು. ಹೀಗೆ ಒಬ್ಬಳಿಂದ ಒಬ್ಬಳಿಗೆ ಹೋಗುತ್ತಾ, ಆ ಮೊಬೈಲುಗಳೆಲ್ಲ ಒಂದಲ್ಲ ಒಂದು ಸಲ ಮಂಗಳೂರಿನ ಹೊರವಲಯದ ದೇರಳಕಟ್ಟೆಯ ಟವರಿನಲ್ಲಿ ಜೀವಂತವಾಗಿದ್ದವು ಎಂದು ಗೊತ್ತಾಯಿತು. ಅಲ್ಲಿಂದ ಮೋಹನ್ ಕುಮಾರ್ ಸಿಕ್ಕಿದ.

ಅಂದರೆ ಹುಡುಕಾಟಕ್ಕೆ ಜೋರು ಬಂದದ್ದೇ ಒಂದು ಸುಳ್ಳು ಗುಲ್ಲಿನಿಂದ. ಅದಕ್ಕೂ ಮುಂಚೆ ಹೋದ ಅಷ್ಟೂ ಜನರಿಗೆ ಅಂಥ ಗುಲ್ಲು ಕೂಡ ಸಿಗಲಿಲ್ಲ. "ಯಾರ ಜೊತೆಗೋ ಓಡಿಹೋದಳು" ಎಂಬ ಒಂದು ವಾಕ್ಯದಲ್ಲಿ ಊರು ಅವರ ಕಥೆ ಮುಗಿಸಿತ್ತು. ಕೊಲೆಗಾರನಿಗೆ ನಿಜವಾದ ಅಡಗುತಾಣ ಆ ವಾಕ್ಯವೇ ಆಗಿತ್ತು ಅಂತ ನನ್ನ ಅಭಿಪ್ರಾಯ.

ಇದನ್ನು ಧೈರ್ಯದಿಂದ ಹೇಳುತ್ತೇನೆ, ಯಾಕೆಂದರೆ ಆ ವಾಕ್ಯವನ್ನು ನಾನೂ ಹೇಳಿದ್ದೇನೆ.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಮನೆಯಿಂದ ಎರಡು ತೋಟ ಆಚೆ ಒಬ್ಬ ಅಕ್ಕ ಇದ್ದಳು. ಅಮ್ಮನ ಜೊತೆ ಬೀಡಿ ಬ್ರಾಂಚಿಗೆ ಹೋಗುವವಳು. ಮೂವತ್ತು ದಾಟಿತ್ತು, ಎರಡು ಸಂಬಂಧ ಬಂದು ತಪ್ಪಿತ್ತು. ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಅವಳು ಬ್ಯಾಗು ಹಿಡಿದು ಬಸ್ಸಿಗೆ ನಿಂತದ್ದನ್ನು ನೋಡಿದೆ. ನಕ್ಕಳು. ಸಂಜೆ ಊರಿಡೀ ಸುದ್ದಿ. ಅಂಗಡಿ ಜಗಲಿಯಲ್ಲಿ ಯಾರೋ ನನ್ನನ್ನು ಕೇಳಿದರು. "ಬ್ಯಾಗು ಹಿಡ್ಕೊಂಡು, ನಕ್ಕೊಂಡು ಹೋದ್ಳು. ಯಾರ ಜೊತೆಗೋ ಓಡಿ ಹೋಗಿರ್ಬೇಕು" ಅಂದೆ. ಎಲ್ಲರೂ ನಕ್ಕರು. ನನಗೆ ಹದಿನೇಳು ವರ್ಷ, ದೊಡ್ಡವರು ನನ್ನ ಮಾತಿಗೆ ನಕ್ಕರಲ್ಲ ಎಂಬ ಖುಷಿ. ಅವಳ ಮನೆಯವರು ಮರ್ಯಾದೆಗೆ ಅಂಜಿ ದೂರು ಕೊಡಲಿಲ್ಲ.

2009ರಲ್ಲಿ ಪತ್ರಿಕೆಯಲ್ಲಿ ಸಾಲು ಸಾಲು ಫೋಟೋ ಬಂದ ದಿನ, ಹಾಸ್ಟೆಲಿನ ರೀಡಿಂಗ್ ರೂಮಿನಲ್ಲಿ ನಾನು ಮೊದಲು ಹುಡುಕಿದ್ದು ಅವಳ ಮುಖವನ್ನು. ಇರಲಿಲ್ಲ. ಮರುವರ್ಷ ಅವಳ ಅಪ್ಪನ ಬೊಜ್ಜಕ್ಕೆ ಅವಳೇ ಬಂದಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ, ಗೆಳತಿಯರ ಜೊತೆ ರೂಮು. ಯಾರ ಜೊತೆಯೂ ಓಡಿಹೋಗಿರಲಿಲ್ಲ. ಊಟ ಮುಗಿದ ಮೇಲೆ ಅಮ್ಮನ ಹತ್ತಿರ ಅಂದಳಂತೆ: "ಅಕ್ಕ, ಇಷ್ಟು ವರ್ಷ ನೀವು ಯಾರೂ ನನ್ನನ್ನು ಹುಡುಕ್ಲೇ ಇಲ್ವಾ?" ಅವಳು ಬದುಕಿ ಬಂದದ್ದು ಅವಳ ಅದೃಷ್ಟ. ನಾವು ನಡೆದುಕೊಂಡದ್ದರಲ್ಲಿ ಮಾತ್ರ, ಆ ಇಪ್ಪತ್ತು ಜನರ ಊರಿನವರಿಗೂ ನಮಗೂ ಏನೂ ವ್ಯತ್ಯಾಸ ಇರಲಿಲ್ಲ.

ಮುಂದಿನದ್ದು ನಿಧಾನದ ಇತಿಹಾಸ. ಮಂಗಳೂರಿನ ಕೋರ್ಟಿನಲ್ಲಿ ಒಂದೊಂದು ಸಾವಿಗೂ ಬೇರೆ ಬೇರೆ ವಿಚಾರಣೆ ನಡೆಯಿತು. ವಕೀಲರನ್ನು ಬಿಟ್ಟು ಅವನೇ ವಾದ ಮಾಡಿದ, ಸಾಕ್ಷಿಗಳಿಗೆ ಅವನೇ ಪಾಟೀಸವಾಲು ಹಾಕಿದ. ಅವನ ಕೈಯಿಂದ ಬದುಕುಳಿದ ಒಬ್ಬ ಮಹಿಳೆ ಬಂದು ಸಾಕ್ಷಿ ಹೇಳಿದರು. 2013ರ ಡಿಸೆಂಬರ್‌ನಲ್ಲಿ ಮೊದಲ ಮೂರು ಪ್ರಕರಣಗಳಲ್ಲಿ ಮರಣದಂಡನೆಯಾಯಿತು. 2017ರಲ್ಲಿ ಹೈಕೋರ್ಟು ಬಂಟ್ವಾಳದ ಯುವತಿಯ ಪ್ರಕರಣದ ಮರಣದಂಡನೆಯನ್ನು ಜೀವವಿರುವಷ್ಟು ದಿನ ಜೈಲು ಎಂದು ಬದಲಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ದೇಶವೆಲ್ಲ ಕೊರೊನಾ ಲೆಕ್ಕ ನೋಡುತ್ತಿದ್ದಾಗ.

ಪತ್ರಿಕೆಯವರು ಅವನಿಗೆ 'ಸಯನೈಡ್ ಮೋಹನ್' ಎಂದು ಹೆಸರಿಟ್ಟರು. ಆ ಹೆಸರು ನಿಂತಿತು. 2023ರಲ್ಲಿ ಬಂದ 'ದಹಾಡ್' ವೆಬ್ ಸರಣಿ ನೋಡಿದ ಆಫೀಸಿನ ಗೆಳೆಯರು "ಇದು ನಿಮ್ಮ ಕಡೆಯ ಕೇಸಂತೆ ಅಲ್ವಾ?" ಅಂತ ಕೇಳಿದರು. ಅವನ ಹೆಸರು ಅವರಿಗೂ ಗೊತ್ತಿತ್ತು. ಸತ್ತವರಲ್ಲಿ ಒಬ್ಬಳ ಹೆಸರು ಹೇಳಿ ಅಂದರೆ ಅವರಿಗೆ ಬಿಡಿ, ನನಗೂ ಬರಲಿಲ್ಲ. ಒಂಬತ್ತನೆಯವಳು, ಹದಿನಾರನೆಯವಳು ಅಂತ ನಂಬರಿನಲ್ಲೇ ಓದಿದ್ದೆ. ಆಮೇಲೆ ಹುಡುಕಿ ಓದಿದೆ. ಇಲ್ಲಿ ಬರೆಯುತ್ತಿಲ್ಲ. ಅವರ ಅಣ್ಣಂದಿರು, ತಂಗಿಯರು ಈಗಲೂ ಇದೇ ಊರುಗಳಲ್ಲಿ ಬಾಳುತ್ತಿದ್ದಾರೆ, ಅವರ ಮಕ್ಕಳಿಗೂ ಸಂಬಂಧ ಕೂಡಿಬರಬೇಕು.

ಕೊಲೆಗಾರನ ಲೋಕಕ್ಕೆ ನಿಜವಾಗಿ ಹೋದ ಪತ್ರಕರ್ತರು ನನ್ನ ಲೆಕ್ಕದಲ್ಲಿ ಯಾರು ಗೊತ್ತಾ? 2013ರಿಂದ 2020ರವರೆಗೆ ಕೋರ್ಟಿನ ಬೆಂಚಿನಲ್ಲಿ ಕೂತು, ಮೊದಲನೆಯ ತೀರ್ಪಿನ ಹಾಗೆಯೇ ಇಪ್ಪತ್ತನೆಯದನ್ನೂ ಬರೆದು ಕಳಿಸಿದ ಮಂಗಳೂರಿನ ವರದಿಗಾರರು. ಅವರಿಗೆ ಯಾರೂ ಮಧ್ಯರಾತ್ರಿ ಫೋನು ಮಾಡಲಿಲ್ಲ. ಅವರ ಆ ಸಣ್ಣ ಸಣ್ಣ ಸುದ್ದಿಗಳು ಇಲ್ಲದಿದ್ದರೆ ಈ ಲೇಖನ ಬರೆಯಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಕಾದಂಬರಿಯನ್ನು ಗೆಳೆಯನಿಗೆ ವಾಪಸು ಕೊಟ್ಟೆ. "ಹೇಗಿತ್ತು?" ಅಂದ. ಚೆನ್ನಾಗಿತ್ತು ಅಂದೆ, ಸುಳ್ಳಲ್ಲ. ಒಂದು ಅಭ್ಯಾಸ ಮಾತ್ರ ಅಂದಿನಿಂದ ಬದಲಾಗಿದೆ. ಬೆಳಿಗ್ಗೆ ಕಾಫಿ ಜೊತೆ ಪತ್ರಿಕೆ ತೆರೆದಾಗ ಒಳಪುಟದ ಮೂಲೆಯ 'ಕಾಣೆಯಾಗಿದ್ದಾರೆ' ಪ್ರಕಟಣೆಯನ್ನು ಪೂರ್ತಿ ಓದುತ್ತೇನೆ: ಎತ್ತರ, ಮೈಬಣ್ಣ, ಹೋಗುವಾಗ ಉಟ್ಟಿದ್ದ ಬಟ್ಟೆ, ಆಡುವ ಭಾಷೆ, ಕೊನೆಯಲ್ಲಿ ಠಾಣೆಯ ಫೋನ್ ನಂಬರು. ಒಂದು ನಿಮಿಷವೂ ಬೇಡ. ನೀವೂ ಓದಿ.