ಲೆಕ್ಕ ತಪ್ಪು, ಆದರೂ ದುಡ್ಡು ಕೊಡಿ!

ನಮ್ಮ ಚಿಕ್ಕಪ್ಪ ಸಣ್ಣ ಕಾಂಟ್ರಾಕ್ಟರ್ ಆಗಿದ್ದವರು. ಮೋರಿ, ಕಾಂಪೌಂಡು, ಶಾಲೆಗೆ ಎರಡು ಕೋಣೆ... ಇಂಥ ಕೆಲಸಗಳು. ಅವರ ಮನೆಯ ಅಟ್ಟದ ಮೇಲೆ ಈಗಲೂ ಒಂದು ರಟ್ಟಿನ ಫೈಲಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ದೊಡ್ಡ ಕಾಂಟ್ರಾಕ್ಟರೊಬ್ಬರ ಕೈಕೆಳಗೆ ಮಾಡಿದ ಕೆಲಸದ ಬಿಲ್ಲುಗಳು ಅದರಲ್ಲಿವೆ. "ಮೇಲಿಂದ ದುಡ್ಡು ಬರಲಿ, ಕೊಡ್ತೀನಿ" ಅಂದವರು ಕೊಡಲೇ ಇಲ್ಲ. ಆರ್ಬಿಟ್ರೇಷನ್ನಿಗೆ ಹೋಗಿ ಚಿಕ್ಕಪ್ಪ ಗೆದ್ದರು. ಆ ಕಡೆಯವರು ಕೋರ್ಟಿಗೆ ಅರ್ಜಿ ಹಾಕಿದರು. ಹಾಕಿದ್ದೇ ತಡ, ದುಡ್ಡು ನಿಂತಿತು. "ಗೆದ್ದೆ ಕಣೋ, ಆದ್ರೆ ನಿನ್ನ ಚಿಕ್ಕಮ್ಮನ ಬಳೆ ಬ್ಯಾಂಕಲ್ಲೇ ಉಳೀತು" ಅಂತ ಈಗ ನಗುತ್ತಾರೆ.

ಮೊನ್ನೆ ಹಬ್ಬಕ್ಕೆ ಹೋದಾಗ ಆ ಫೈಲಿನ ಮಾತು ಮತ್ತೆ ಬಂತು. ಆಗ ನಾನು ಅವರಿಗೆ ಹೇಳಿದ್ದು ಇಂಗ್ಲೆಂಡಿನ ಒಂದು ಕತೆ. ಇಲ್ಲಿಯೂ ಹಾಕುತ್ತಿದ್ದೇನೆ. ಕೋರ್ಟು ಅಂದ ತಕ್ಷಣ ಓಡಿಹೋಗಬೇಡಿ, ಸ್ವಲ್ಪ ಕೂತು ಓದಿ :)

"ಮೇಲಿಂದ ಬಂದ ಮೇಲೆ ಕೊಡ್ತೀನಿ" ಅನ್ನುವ ಮಾತು ನಮ್ಮೂರಿನದು ಮಾತ್ರ ಅಂದುಕೊಂಡಿದ್ದೆ. ಅಲ್ಲವಂತೆ! ಬ್ರಿಟನ್ನಿನ ಕರಾರುಪತ್ರಗಳಲ್ಲಿ ಅದನ್ನು ಒಂದು ಷರತ್ತಾಗಿ ಬರೆದೇ ಇಡುತ್ತಿದ್ದರು. ಅಲ್ಲಿಯೂ ಮಾಲೀಕ ಮುಖ್ಯ ಗುತ್ತಿಗೆದಾರನಿಗೆ ಕೊಡಬೇಕು, ಅವನು ಉಪಗುತ್ತಿಗೆದಾರನಿಗೆ ಕೊಡಬೇಕು. ಮೇಲೆ ಎಲ್ಲಾದರೂ ಜಗಳ ಹತ್ತಿದರೆ ಕೆಳಗಿನವನು ಮುಳುಗುತ್ತಿದ್ದ. 1994ರಲ್ಲಿ ಸರ್ ಮೈಕೇಲ್ ಲೇಥಮ್ ಈ ಉದ್ಯಮದ ಬಗ್ಗೆ ಒಂದು ವರದಿ ಕೊಟ್ಟರು. ಅದರ ಬೆನ್ನಿಗೆ 1996ರಲ್ಲಿ ಕಾನೂನು ಬಂತು, 1998ರ ಮೇ 1ರಂದು ಜಾರಿಯಾಯಿತು. ಮೇಲಿನವನು ದಿವಾಳಿಯಾದ ಸಂದರ್ಭ ಬಿಟ್ಟರೆ ಆ ಹಳೆಯ ಷರತ್ತು ಇನ್ನು ನಡೆಯುವುದಿಲ್ಲ ಅಂತ ಕಾನೂನು ಹೇಳಿತು.

ಅದಕ್ಕಿಂತ ದೊಡ್ಡ ವಿಷಯ ಅಡ್ಜುಡಿಕೇಶನ್. ಬಿಲ್ಲಿನ ತಕರಾರು ಬಂದರೆ ಯಾವ ಪಕ್ಷದವರಾದರೂ, ಯಾವಾಗ ಬೇಕಾದರೂ ಅಡ್ಜುಡಿಕೇಟರ್ ಹತ್ತಿರ ಹೋಗಬಹುದು. ಆತ ಎಂಜಿನಿಯರೋ, ಸರ್ವೇಯರೋ, ವಕೀಲನೋ ಆಗಿರುತ್ತಾನೆ. ವಿಷಯ ಅವನ ಕೈಗೆ ಸೇರಿದ 28 ದಿನದೊಳಗೆ ತೀರ್ಮಾನ ಕೊಡಬೇಕು. ಆ ತೀರ್ಮಾನವೇ ಕೊನೆಯಲ್ಲ. ಮುಂದೆ ಕೋರ್ಟಿನಲ್ಲೋ ಆರ್ಬಿಟ್ರೇಷನ್ನಿನಲ್ಲೋ ಪೂರ್ತಿ ಜಗಳ ಆಡಬಹುದು. ಆದರೆ ಅಲ್ಲಿಯವರೆಗೆ ಅದಕ್ಕೆ ಬದ್ಧರಾಗಿರಬೇಕು. ಮೊದಲು ದುಡ್ಡು, ಆಮೇಲೆ ವಾದ!

ಸರಿ, ಸೋತವನು ಕೊಡದೇ ಹೋದರೆ? ಕೋರ್ಟಿಗೇ ಹೋಗಬೇಕು. ಅಲ್ಲಿ ಜಡ್ಜ್ ಸಾಹೇಬರು ಮೊದಲಿನಿಂದ ಎಲ್ಲ ಕೆದಕಲು ಕೂತರೆ 28 ದಿನಕ್ಕೆ ಏನರ್ಥ?

1999ರ ಫೆಬ್ರವರಿಯಲ್ಲಿ ಈ ಪ್ರಶ್ನೆ ಜಸ್ಟಿಸ್ ಡೈಸನ್ ಮುಂದೆ ಬಂತು. ವೇಲ್ಸ್‌ನ ಒಂದು ಮಳಿಗೆ ಸಂಕೀರ್ಣದ ಕೆಲಸ. ಮೇಕಬ್ ಎಂಬ ಉಪಗುತ್ತಿಗೆ ಕಂಪನಿಗೆ ಮಾರಿಸನ್ ಕಂಪನಿ 3 ಲಕ್ಷ ಪೌಂಡಿಗೂ ಮೇಲೆ ಕೊಡಬೇಕು ಅಂತ ತೀರ್ಮಾನವಾಗಿತ್ತು. ವಿಚಾರಣೆ ನ್ಯಾಯವಾಗಿ ನಡೆದಿಲ್ಲ, ಆದ್ದರಿಂದ ಅದು ತೀರ್ಮಾನವೇ ಅಲ್ಲ ಅಂತ ಮಾರಿಸನ್ ವಾದ. ಡೈಸನ್ ಒಪ್ಪಲಿಲ್ಲ. ತಕರಾರು ಇದ್ದ ಮಾತ್ರಕ್ಕೆ ತೀರ್ಮಾನ ತೀರ್ಮಾನವಲ್ಲದೇ ಹೋಗುವುದಿಲ್ಲ, ಕೊಡಿ ಅಂದರು.

ನನಗೆ ತುಂಬ ಇಷ್ಟವಾದ ಕೇಸು ಇದರ ಮುಂದಿನದು. ಬುಯಿಗ್ ಮತ್ತು ಡಾಲ್-ಜೆನ್ಸನ್, 2000ನೇ ಇಸವಿ. ಬಿಲ್ಲಿನಲ್ಲಿ ಶೇ. 5 ಹಿಡಿದಿಟ್ಟುಕೊಂಡು ಆಮೇಲೆ ಕೊಡುವ ಪದ್ಧತಿ ಇರುತ್ತದಲ್ಲ, ಆ ಹಣ ಕೊಡುವ ಕಾಲ ಇನ್ನೂ ಬಂದಿರಲಿಲ್ಲ. ಅಡ್ಜುಡಿಕೇಟರ್ ಲೆಕ್ಕ ಹಾಕುವಾಗ ಅದನ್ನು ಕಳೆಯುವುದನ್ನೇ ಬಿಟ್ಟುಬಿಟ್ಟ. ಪರಿಣಾಮ? ಸುಮಾರು 1 ಲಕ್ಷ 41 ಸಾವಿರ ಪೌಂಡು ಪಡೆಯಬೇಕಿದ್ದ ಬುಯಿಗ್, ತಾನೇ ಸುಮಾರು 2 ಲಕ್ಷ 7 ಸಾವಿರ ಕೊಡಬೇಕಾಯಿತು! ತಪ್ಪಾಗಿದೆ ಅಂತ ಕೋರ್ಟಿಗೂ ಕಂಡಿತ್ತು. ಆದರೂ ಮೇಲ್ಮನವಿ ನ್ಯಾಯಾಲಯ ತೀರ್ಮಾನವನ್ನು ಎತ್ತಿಹಿಡಿಯಿತು. ಕೇಳಿದ ಪ್ರಶ್ನೆಗೇ ಆತ ಉತ್ತರ ಕೊಟ್ಟಿದ್ದಾನೆ, ಉತ್ತರ ತಪ್ಪಿರಬಹುದು, ಅಷ್ಟೇ ಅನ್ನುವುದು ಅವರ ನಿಲುವು. ಆದರೆ ಡಾಲ್-ಜೆನ್ಸನ್ ದಿವಾಳಿಯಾಗಿತ್ತು. ಕೊಟ್ಟ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ. ಅದೊಂದೇ ಕಾರಣಕ್ಕೆ ವಸೂಲಿಗೆ ತಡೆ ಕೊಟ್ಟರು.

ಹಾಗಂತ ಅಡ್ಜುಡಿಕೇಟರ್ ಆಡಿದ್ದೇ ಆಟವೂ ಅಲ್ಲ. ಅವನಿಗೆ ಅಧಿಕಾರವೇ ಇಲ್ಲದಿದ್ದರೆ, ಅಥವಾ ನ್ಯಾಯವಾಗಿ ಎರಡೂ ಕಡೆ ಕೇಳದಿದ್ದರೆ, ಕೋರ್ಟು ಒಪ್ಪುವುದಿಲ್ಲ. 2001ರ ಡಿಸ್ಕೇನ್ ಕೇಸಿನಲ್ಲಿ ಒಂದು ಕಡೆಯವರ ಜೊತೆ ಮಾತ್ರ ಫೋನಿನಲ್ಲಿ ಮಾತಾಡಿದ ಅಡ್ಜುಡಿಕೇಟರನ ತೀರ್ಮಾನ ಜಾರಿಯಾಗಲಿಲ್ಲ. ಆದರೆ ಈ ಬಾಗಿಲು ತೀರ ಕಿರಿದು. 2005ರಲ್ಲಿ ಡೆವನ್‌ಪೋರ್ಟ್ ಹಡಗುಕಟ್ಟೆಯ ಕೇಸಿನಲ್ಲಿ 1 ಕೋಟಿ ಪೌಂಡಿಗೂ ಮೇಲಿನ ತೀರ್ಮಾನ ಬಂದಾಗಲೂ, ಕೊಕ್ಕೆ ಹುಡುಕುತ್ತಾ ಕೂರುವ ಬದಲು ಮೊದಲು ದುಡ್ಡು ಕಟ್ಟುವುದೇ ಸರಿ ಅನ್ನುವ ಅರ್ಥದಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಈಗ ನಮ್ಮ ಕಡೆ ನೋಡಿ. ನಮ್ಮ ಆರ್ಬಿಟ್ರೇಷನ್ ಕಾನೂನು ಬಂದದ್ದೂ ಅದೇ 1996ರಲ್ಲಿ! ಆರ್ಬಿಟ್ರೇಷನ್ ತೀರ್ಪು ಅಂತಿಮವಾದದ್ದು, ಅಡ್ಜುಡಿಕೇಶನ್ನಿನಂತೆ ತಾತ್ಕಾಲಿಕ ಅಲ್ಲ. ಆದರೂ ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಒಂದು ಅರ್ಜಿ ಬಿದ್ದರೆ ಸಾಕು, ತಾನಾಗಿಯೇ ತಡೆ ಬೀಳುತ್ತಿತ್ತು. 2015ರ ತಿದ್ದುಪಡಿ ಇದನ್ನು ತೆಗೆಯಿತು. 2019ರಲ್ಲಿ ಹಳೆಯ ಕೇಸುಗಳಿಗೆ ಅದನ್ನೇ ಮತ್ತೆ ತಂದಾಗ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು, ಆ ನವೆಂಬರಿನಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಚಿಕ್ಕಪ್ಪನ ಪಾಲಿಗೆ ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಖರ್ಚು ತಾಳಲಾರದೆ ಅರ್ಧಕ್ಕೆ ರಾಜಿಯಾಗಿದ್ದರು.

ಕತೆಯೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಮಾತು. "ಲೆಕ್ಕ ತಪ್ಪಿದ್ರೂ ಕೊಡು ಅಂದ್ರಾ?" ಹೌದು ಅಂದೆ. ತಪ್ಪನ್ನು ಆಮೇಲೆ ಸರಿಮಾಡಬಹುದು, ಮುಚ್ಚಿಹೋದ ಸಣ್ಣ ಕಂಪನಿಯನ್ನು ಮತ್ತೆ ತೆರೆಯುವುದು ಕಷ್ಟ ಅಂತ ನನಗನ್ನಿಸುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದು ಲೆಕ್ಕಾನೂ ಸರಿಯಾಗಿತ್ತಲ್ಲೋ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಫೈಲು ಇದ್ದರೆ ಬರೆಯಿರಿ...