ಮೊಳೆಪೆಟ್ಟಿಗೆಯಿಂದ ಕೀಲಿಮಣೆಗೆ

'ಹಾಲ್ಟ್ ಅಂಡ್ ಕ್ಯಾಚ್ ಫೈರ್' ಧಾರಾವಾಹಿಯ ಮೊದಲ ಕಂತಿನಲ್ಲಿ ಒಂದು ಗ್ಯಾರೇಜು ಬರುತ್ತದೆ. ಮೇಜಿನ ಮೇಲೆ ಬಿಚ್ಚಿ ಹರವಿದ ಐಬಿಎಂ ಪಿಸಿ. ಅದರೊಳಗಿನ ಚಿಪ್ಪಿಗೆ ತಂತಿ ಕಟ್ಟಿ, ಪುಟ್ಟ ದೀಪಗಳು ಹತ್ತಿ ಆರುವುದನ್ನು ಒಬ್ಬ ಓದುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಅಂಕಿ, ಅಕ್ಷರ, ಮತ್ತೆ ಅಂಕಿ. ರಾತ್ರಿಗಳು ಹಾಗೆಯೇ ಕಳೆಯುತ್ತವೆ. 2014ರಿಂದ 2017ರವರೆಗೆ ಅಮೆರಿಕದ ಎಎಂಸಿ ವಾಹಿನಿಯಲ್ಲಿ 40 ಕಂತುಗಳಾಗಿ ಬಂದ ಈ ಕಥೆಯನ್ನು ಮೆಚ್ಚಿಕೊಂಡವರು ಮರೆಯದ ದೃಶ್ಯ ಇದು.

ಕಥೆಯ ಹಿಂದೆ ನಿಜವಾದ ಚರಿತ್ರೆಯಿದೆ. 1982ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೊ ಹ್ಯೂಸ್ಟನ್ನಿನಲ್ಲಿ ಕಾಂಪ್ಯಾಕ್ ಕಂಪನಿ ಕಟ್ಟಿದರು. ಐಬಿಎಂ ಪಿಸಿಯಂತೆಯೇ ನಡೆಯಬೇಕಿದ್ದ ಅವರ ಯಂತ್ರದ ಮೊದಲ ಚಿತ್ರ ಮೂಡಿದ್ದು ಹೋಟೆಲಿನ ಮೇಜಿಗೆ ಹಾಸಿದ ಕಾಗದದ ಮೇಲೆ. ಆದರೆ ಗ್ಯಾರೇಜಿನ ಆ ಸಾಹಸದ ಅಗತ್ಯ ನಿಜದಲ್ಲಿ ಇರಲಿಲ್ಲ. ಆ ಚಿಪ್ಪಿನೊಳಗಿದ್ದ, ಬಯಾಸ್ ಎಂಬ ಮೂಲ ತಂತ್ರಾಂಶದ ಪಾಠವನ್ನು ಐಬಿಎಂ ತನ್ನ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಕಷ್ಟವಿದ್ದದ್ದು ಅದನ್ನು ಓದದೆ ಬರೆಯುವುದರಲ್ಲಿ. ಓದಿದವನು ಬರೆದರೆ ಅದು ನಕಲು. ಹಾಗಾಗಿ ಅದನ್ನು ಕಣ್ಣೆತ್ತಿಯೂ ನೋಡದ ಎಂಜಿನಿಯರುಗಳು ಅದೇ ಕೆಲಸ ಮಾಡುವ ಬೇರೆ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾಯಿತು.

ಒಂದೊಂದೇ ಚೂರನ್ನು ಆರಿಸಿ, ಓದಿ, ಸಾಲಾಗಿಸುವ ಈ ದುಡಿಮೆ ಅಚ್ಚುಕೂಟಗಳ ಊರಾದ ಮಂಗಳೂರಿನ ಕೊಡಿಯಾಲ್‌ಬೈಲಿಗೆ ಹೊಸತಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಊರಿದು. ಕಿಟೆಲ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ ಹೊರಬಂತು. ಕೊಡಿಯಾಲ್‌ಬೈಲಿನ ಹೆಸರನ್ನೇ ಹೊತ್ತ ಪ್ರೆಸ್ಸನ್ನು ಜೆಸುಯಿಟ್ ಪಾದ್ರಿಗಳು ನಡೆಸಿದರು. ಇಂದಿಗೂ ಬಸ್ಸಿನವರು ಕೂಗುವ ನವಭಾರತ ಸರ್ಕಲ್ಲಿಗೆ ಆ ಹೆಸರು ಬಂದದ್ದು ವಿ. ಎಸ್. ಕುಡ್ವರ 'ನವಭಾರತ' ದಿನಪತ್ರಿಕೆಯಿಂದ.

ಅಚ್ಚುಮೊಳೆ ಜೋಡಿಸುವ ಆ ಕಾಲದ ಕಂಪೋಸಿಟರನ ಎದುರು ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಖಾನೆಗಳು. ಇಂಗ್ಲಿಷಿಗೆ ಸಾಕಾಗುವಷ್ಟು ಖಾನೆ ಕನ್ನಡಕ್ಕೆ ಎಲ್ಲಿ ಸಾಲಬೇಕು? ಕಾಗುಣಿತದ ರೂಪಗಳಿಗೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ಎಡಗೈಯಲ್ಲಿ ಮೊಳೆ ಸಾಲಾಗಿಸುವ ಸ್ಟಿಕ್ಕು, ಬಲಗೈ ಖಾನೆಯಿಂದ ಖಾನೆಗೆ. ಕಣ್ಣಿಗೆ ಕಾಣುವ ಸಾಲು ಕನ್ನಡಿಯೊಳಗಿನಂತೆ ತಿರುಗುಮುರುಗು. ಅಕ್ಷರ ಎಲ್ಲಿದೆ ಎಂದು ನೋಡುವವನು ಇನ್ನೂ ಕಲಿಯುವವನು. ಪಳಗಿದವನ ಬೆರಳಿಗೆ ದಾರಿ ಗೊತ್ತಿರುತ್ತಿತ್ತು.

ಈ ನೂರಾರು ಖಾನೆಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಅಡಗಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಕಿನ್ನಿಕಂಬಳ ಪದ್ಮನಾಭ ರಾವ್, ಕನ್ನಡಿಗರ ಬಾಯಲ್ಲಿ ಕೆ. ಪಿ. ರಾವ್. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ಆಮೇಲೆ ಅಚ್ಚಿನ ಲೋಕಕ್ಕೆ ಬಂದ ಅವರಿಗೆ ಮೊಳೆಯೂ ಗೊತ್ತು, ಗಣಕವೂ ಗೊತ್ತು. ಕನ್ನಡದ ಅಕ್ಷರವನ್ನು ಆಕಾರ ಎಂದು ನೋಡಿದರೆ ಲೆಕ್ಕ ಮುಗಿಯುವುದೇ ಇಲ್ಲ. ಉಚ್ಚಾರ ಎಂದು ಕೇಳಿಸಿಕೊಂಡರೆ ಐವತ್ತರೊಳಗೆ ಮುಗಿಯುತ್ತದೆ. ಅವರು ಹಿಡಿದದ್ದು ಈ ಎಳೆಯನ್ನು. ಬೆರಳು ಉಚ್ಚಾರವನ್ನು ಒತ್ತಲಿ, ಆಕಾರವನ್ನು ಯಂತ್ರವೇ ಕೂಡಿಸಲಿ. 'ಕನ್ನಡ' ಎನ್ನಲು ಐದು ಒತ್ತು ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಕೇಸಿನಲ್ಲಿದ್ದ ಒತ್ತಕ್ಷರದ ಖಾನೆಗಳೆಲ್ಲ ಆ ಒಂದು ಕೀಲಿಯೊಳಗೆ ಹೋಗಿ ಕುಳಿತವು.

ಕಾಂಪ್ಯಾಕ್ ಮೊದಲ ವರ್ಷವೇ 53,000 ಯಂತ್ರ ಮಾರಿ 11 ಕೋಟಿ ಡಾಲರ್ ದಾಟಿತು. ಕೆ. ಪಿ. ರಾವ್ ತಮ್ಮ ವಿನ್ಯಾಸವನ್ನು ಮಾರಲಿಲ್ಲ, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಕಚೇರಿಯ ಗುಮಾಸ್ತರಿಂದ ಡಿಟಿಪಿ ಅಂಗಡಿಯ ಹುಡುಗಿಯರವರೆಗೆ ಬೆರಳಾಡಿಸುವುದು ಈ ಮಣೆಯ ಮೇಲೆ. ಧಾರಾವಾಹಿಯ ಜೋ, ಗಾರ್ಡನ್, ಕ್ಯಾಮರನ್, ಡೋನಾ ಗೆದ್ದವರ ಪಟ್ಟಿಗೆ ಸೇರದವರು. ನಾಲ್ಕು ಸೀಸನ್ ಉದ್ದಕ್ಕೂ ಅವರ ಹಿಂದೆ ಮರುಗುತ್ತ ನಡೆದ ಪ್ರೇಕ್ಷಕ, ತನ್ನೂರಿನ ಈ ಕೆಲಸವನ್ನೂ ಅಷ್ಟೇ ಆಸ್ಥೆಯಿಂದ ನೋಡಬೇಕು. ತೆರೆಗೆ ತರಬಹುದಾದ ಕಥೆ ಇದರಲ್ಲಿ ಧಾರಾಳವಾಗಿದೆ.

ತಾವೇ ಬರೆದ ಕನ್ನಡ ತಂತ್ರಾಂಶಕ್ಕೆ ರಾಯರು ತಮ್ಮ ಹೆಸರಿಡಲಿಲ್ಲ. 'ಸೇಡಿಯಾಪು' ಎಂದು ಕರೆದರು. ಛಂದಸ್ಸಿನ ನಡೆಯನ್ನು ಕಿವಿಯಿಂದ ಅಳೆದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರದು. ಅವರು ಕನ್ನಡ ಪಾಠ ಹೇಳಿದ್ದು ಕೊಡಿಯಾಲ್‌ಬೈಲಿನ ಲೈಟ್‌ಹೌಸ್ ಗುಡ್ಡದ ಮೇಲೆ, ಸಂತ ಅಲೋಶಿಯಸ್ಸಿನ ತರಗತಿಯಲ್ಲಿ.